ಖಾಲಿ ಬಿಡಬಹುದಾಗಿದ್ದ ಚೌಕ

ಆ ಚೌಕವನ್ನು ಖಾಲಿ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಖಾಲಿ ಚೌಕ ಕಂಡರೆ ಬಾಣದ ಮೇಷ್ಟ್ರ ಕೈ ಸುಮ್ಮನಿರುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಅವರು ಕಲಿಸುವುದೇ ಚೌಕಗಳನ್ನು ಬರೆದು ಒಂದರಿಂದ ಇನ್ನೊಂದಕ್ಕೆ ಬಾಣ ಎಳೆಯುವ ವಿದ್ಯೆ. ಒಂದು ಆಸ್ಪತ್ರೆಯಲ್ಲೋ ರೈಲು ನಿಲ್ದಾಣದಲ್ಲೋ ಯಾವ ಮಾಹಿತಿ ಯಾರಿಂದ ಯಾರಿಗೆ ಹೋಗಬೇಕು, ಯಾವುದು ಯಾವುದರ ಮೇಲೆ ನಿಂತಿರಬೇಕು ಎಂದು ಅವರು ಬೋರ್ಡಿನ ಮೇಲೆ ತೋರಿಸುತ್ತಿದ್ದರು. ಬೋರ್ಡು ಸಾಲದೆ ಕೊನೆಯ ಬಾಣ ಒಮ್ಮೊಮ್ಮೆ ಕಿಟಕಿಯ ಚೌಕಟ್ಟು ಹತ್ತಿರುತ್ತಿತ್ತು. ವಿದ್ಯಾರ್ಥಿಗಳು ಆ ಹೆಸರಿಟ್ಟದ್ದು ಅದಕ್ಕೇ.

ಈ ಶೈಕ್ಷಣಿಕ ಅವಧಿಗೆ ಅವರದೇ ಹೊಸ ಮಾಡ್ಯೂಲ್, ಎಂದರೆ ಪಾಠವಿಷಯ, ಮಂಜೂರಾಗಿತ್ತು: ಮಾಹಿತಿ ವ್ಯವಸ್ಥೆಗಳು ಮತ್ತು ಅವುಗಳ ರಚನೆ. ಅದರ ವಿವರಗಳನ್ನು ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ತುಂಬುವಾಗ ‘ಪೂರ್ವಪಾಠ’ ಎಂಬ ಚೌಕ ಎದುರಾಯಿತು. ಇದನ್ನು ಓದುವ ಮೊದಲು ವಿದ್ಯಾರ್ಥಿ ಬೇರೆ ಯಾವ ಮಾಡ್ಯೂಲಿನಲ್ಲಿ ಪಾಸಾಗಿರಬೇಕು ಎಂಬುದು ಪ್ರಶ್ನೆ. ಯಾವುದರಲ್ಲೂ ಬೇಕಿರಲಿಲ್ಲ. ಮೇಷ್ಟ್ರು ಪರದೆಯನ್ನು ದಿಟ್ಟಿಸಿದರು, ಆಕಳಿಸಿದರು, ತಮ್ಮ ಮಾಡ್ಯೂಲಿನ ನಂಬರನ್ನೇ ಅಲ್ಲೂ ಒಂದು ಸಲ ಕುಟ್ಟಿ ಮನೆಗೆ ಹೋದರು.

ಹೀಗಾಗಿ, ಆ ಮಾಡ್ಯೂಲಿಗೆ ಸೇರಬೇಕಾದರೆ ಆ ಮಾಡ್ಯೂಲಿನಲ್ಲೇ ಮೊದಲು ಪಾಸಾಗಿರಬೇಕು ಎಂದಾಯಿತು.

ಇದು ಬೆಳಕಿಗೆ ಬಂದದ್ದು ನೋಂದಣಿಯ ಕೊನೆಯ ದಿನ ಬೆಳಿಗ್ಗೆ. ವಿಭಾಗದ ಮುಖ್ಯಸ್ಥರು ಬಾಗಿಲಲ್ಲೇ ನಿಂತು ಕನ್ನಡಕ ಒರೆಸತೊಡಗಿದರು. ಕೆಟ್ಟ ಸುದ್ದಿ ಹೇಳುವಾಗ ಅವರಿಗೆ ಎದುರಿನವರ ಮುಖ ಮಸುಕಾಗಿ ಕಾಣಬೇಕು.

“ನಿಮ್ಮ ಹೊಸ ಮಾಡ್ಯೂಲಿಗೆ ಎಷ್ಟು ಜನ ಸೇರಿದಾರೆ, ನೋಡಿದ್ರಾ?”

“ಇನ್ನೂ ಇಲ್ಲ ಸಾರ್. ಎಷ್ಟು?”

“ಒಂದು ನರಪಿಳ್ಳೆನೂ ಇಲ್ಲ. ಸಂಜೆ ಐದಕ್ಕೆ ನೋಂದಣಿ ಮುಚ್ಚತ್ತೆ. ಹತ್ತು ಜನ ಆಗ್ಲಿಲ್ಲ ಅಂದ್ರೆ ಮಾಡ್ಯೂಲ್ ರದ್ದು. ನಿಮ್ಮ ಹೆಸರಲ್ಲಿ ಒಂದು ಮಾಡ್ಯೂಲೂ ಇಲ್ದೇ ಈ ಅವಧಿ ಆದ್ಮೇಲೆ ನಿಮ್ಮನ್ನ ಇಟ್ಕೊಳ್ಳೋಕೆ ನನ್ನ ಕೈಲಾಗಲ್ಲ. ನಡೀತು ಅಂದ್ರೆ, ಖಾಯಂ ಮಾಡಿ ಅಂತ ನಾನೇ ಬರೀತೀನಿ.”

ಕನ್ನಡಕ ಮೂಗಿನ ಮೇಲೆ ಹತ್ತಿತು. ಮುಖ್ಯಸ್ಥರು ಹೋದರು.

ಬಾಣದ ಮೇಷ್ಟ್ರ ಅವಳಿ ಹೆಣ್ಣುಮಕ್ಕಳಿಗೆ ಸಿಬ್ಬಂದಿಯ ಶಿಶುವಿಹಾರದಲ್ಲಿ ಜಾಗ ಸಿಕ್ಕಿ, ಇಬ್ಬರೂ ಅಂದೇ ಮೊದಲ ಸಲ ಒಳಗೆ ಹೋಗಿದ್ದರು. ಹೆಂಡತಿ ತಾನು ಬಿಟ್ಟಿದ್ದ ಕನ್ನಡಕದಂಗಡಿಯ ಕೆಲಸಕ್ಕೆ ಅಂದೇ ವಾಪಸು ಹೋಗಿದ್ದಳು. ಅಪ್ಪ ಸಿಬ್ಬಂದಿಯಲ್ಲದ ದಿನ ಮಕ್ಕಳಿಗೂ ಆ ಬಾಗಿಲು ಮುಚ್ಚುತ್ತದೆ.

ಕೋಣೆಯಲ್ಲಿ ವಿಭಾಗದ ಇನ್ನುಳಿದ ಇಬ್ಬರೂ ಅಧ್ಯಾಪಕರಿದ್ದರು. ಕಿಟಕಿಯ ಪಕ್ಕ ಡೇಟಾಬೇಸ್ ಮೇಡಂ. ಇತರರ ಕಷ್ಟ ಕಂಡರೆ ಅವರಿಗೆ ಊಟ ಸೇರುವುದಿಲ್ಲ, ಹಾಗಾಗಿ ಊಟಕ್ಕೆ ಮೊದಲೇ ಅದನ್ನು ಬಗೆಹರಿಸಲು ಎದ್ದುಬಿಡುತ್ತಾರೆ. ಗೋಡೆಗೆ ಬೆನ್ನು ಕೊಟ್ಟು ಭದ್ರತೆ ಮೇಷ್ಟ್ರು. ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ನೋಡಿಕೊಳ್ಳುವುದನ್ನು ಕಲಿಸುತ್ತ ಕಲಿಸುತ್ತ ಅವರಿಗೆ ಲೋಕದಲ್ಲಿ ಕಳ್ಳರ ಹೊರತು ಬೇರೆ ಯಾರೂ ಕಾಣದಂತಾಗಿತ್ತು.

ಮೇಡಂ ಬಗ್ಗಿ ಪರದೆ ನೋಡಿದರು. “ಅಯ್ಯೋ, ಪೂರ್ವಪಾಠ ನೋಡಿ ಇಲ್ಲಿ. ಇದನ್ನ ಓದೋಕೆ ಇದನ್ನೇ ಓದಿರ್ಬೇಕಂತೆ.”

“ಯಾರೋ ಬೇಕಂತ ಮಾಡಿರೋದು,” ಎಂದರು ಭದ್ರತೆ ಮೇಷ್ಟ್ರು.

“ನಾನೇ ಮಾಡಿದ್ದು,” ಎಂದರು ಬಾಣದ ಮೇಷ್ಟ್ರು.

“ಒಳಗಿನವರೇ ಮಾಡೋದು. ಯಾವಾಗ್ಲೂ.”

ಆ ಚೌಕವನ್ನು ಅಳಿಸಲು ಹೋದರೆ ಪುಟ ಬೀಗ ಹಾಕಿಕೊಂಡು ಕೂತಿತ್ತು. ನೋಂದಣಿ ಆರಂಭವಾದ ಮೇಲೆ ತಿದ್ದುವಂತಿಲ್ಲ. ಬಾಣದ ಮೇಷ್ಟ್ರು ನೋಂದಣಿ ವಿಭಾಗಕ್ಕೆ ಓಡಿದರು. ಗಾಜಿನ ಹಿಂದೆ ಕೂತ ಗುಮಾಸ್ತೆ ಅವರ ಮಾತನ್ನೆಲ್ಲ ಕೇಳಿ, ಪಾಪ ಎನ್ನುವಂತೆ ತಲೆಯಾಡಿಸಿದಳು.

“ತಿದ್ದಬಹುದು ಸಾರ್. ಮಾಡ್ಯೂಲಿನ ಸಮಿತಿ ಒಪ್ಪಿದ್ರೆ ಆಯ್ತು.”

“ಸಮಿತಿನಲ್ಲಿ ಯಾರಿದಾರೆ?”

“ನೀವು, ನಿಮ್ಮ ಮುಖ್ಯಸ್ಥರು, ಮತ್ತೆ ಆ ಮಾಡ್ಯೂಲಲ್ಲಿ ಪಾಸಾದ ಒಬ್ಬ ವಿದ್ಯಾರ್ಥಿ.”

“ಅದು ಹೊಸ ಮಾಡ್ಯೂಲು ತಾಯಿ. ಇನ್ನೂ ಯಾರೂ ಓದೇ ಇಲ್ಲ.”

“ಹಾಗಾದ್ರೆ ಒಂದು ವರ್ಷ ನಡೆಸಿ, ಒಬ್ಬರನ್ನ ಪಾಸು ಮಾಡಿ, ಕರ್ಕೊಂಡು ಬನ್ನಿ. ತಕ್ಷಣ ತಿದ್ದಿ ಕೊಡ್ತೀನಿ.” ಅವಳ ದನಿಯಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ. ಅದೇ ಮೇಷ್ಟ್ರನ್ನು ಹೆಚ್ಚು ಹೆದರಿಸಿತು.

ವಾಪಸು ಬರುವಾಗ ವಿಭಾಗದ ಮೆಟ್ಟಿಲ ತುಂಬ ವಿದ್ಯಾರ್ಥಿಗಳು ಜೇನುಗೂಡಿಗೆ ಕಲ್ಲು ಬಿದ್ದಂತೆ ಗುಂಯ್‌ಗುಡುತ್ತಿದ್ದರು. ಬಾಣದ ಮೇಷ್ಟ್ರ ಎದೆ ಒಂದು ಕ್ಷಣ ಹಗುರಾಯಿತು. ಮೇಡಂ ಕೈ ಒರೆಸಿಕೊಳ್ಳುತ್ತ ಎದುರು ಬಂದರು. “ಎಲ್ಲರಿಗೂ ಒಂದು ಮೇಲ್ ಹಾಕ್ದೆ. ನಿಮ್ಮ ಮಾಡ್ಯೂಲಲ್ಲಿ ಪರೀಕ್ಷೆನೇ ಇಲ್ಲ ಅಂತ.”

“ಇದೆಯಲ್ಲ ಮೇಡಂ. ಎರಡಿದೆ.”

“ಅದು ಆಮೇಲಿನ ಮಾತು. ಮೊದಲು ಜನ ಸೇರ್ಲಿ.”

ಜನ ಸೇರಿದ್ದರು, ಮೆಟ್ಟಿಲ ಮೇಲೆ. ಮಾಡ್ಯೂಲಿಗೆ ಸೇರಲು ಒತ್ತಿದವರಿಗೆಲ್ಲ ‘ನೀವು ಅರ್ಹರಲ್ಲ’ ಎಂಬ ಉತ್ತರ ಬರುತ್ತಿತ್ತು. “ಸಾರ್, ಅರ್ಹತೆ ಏನ್ ಸಾರ್?” ಎಂದು ಒಬ್ಬಳು ಕೇಳಿದಳು. “ಪಾಸಾಗಿರೋದು,” ಎಂದರು ಮೇಷ್ಟ್ರು. “ಯಾವುದ್ರಲ್ಲಿ?” “ಇದ್ರಲ್ಲೇ.” ಅವಳು ಗೆಳತಿಯ ಮುಖ ನೋಡಿದಳು. ಇಬ್ಬರೂ, ಮನೆಯಲ್ಲಿ ತಾತನ ಮಾತಿಗೆ ಹೂಂಗುಡುವ ಹಾಗೆ ಮೆಲ್ಲಗೆ ತಲೆಯಾಡಿಸಿ ಇಳಿದುಹೋದರು. ಅಷ್ಟರಲ್ಲಿ ಮುಖ್ಯಸ್ಥರ ಫೋನು: “ಪರೀಕ್ಷೆ ಇಲ್ವಂತೆ? ಸಂಜೆ ಬಂದು ನನ್ನ ಕಾಣಿ.”

ಉಳಿದ ದಾರಿ ನೆಲಮಾಳಿಗೆಯದು. ವಿಶ್ವವಿದ್ಯಾಲಯದ ಕಂಪ್ಯೂಟರನ್ನು ನೋಡಿಕೊಳ್ಳುವ ಸಿಸ್ಟಮ್ ಅಣ್ಣ ಅಲ್ಲಿ, ಫ್ಯಾನುಗಳ ಗದ್ದಲದ ನಡುವೆ, ಸ್ವೆಟರು ಹಾಕಿಕೊಂಡು ಕೂತಿರುತ್ತಿದ್ದ. ಮೇಷ್ಟ್ರು ಏದುಸಿರು ಬಿಡುತ್ತ ಕತೆ ಹೇಳಿದರು. ಅಣ್ಣ ಊಟದ ಡಬ್ಬಿಯ ಮುಚ್ಚಳ ಹಾಕಿ ಯೋಚಿಸಿದ.

“ನಿಯಮ ತೆಗೆಯೋ ಅಧಿಕಾರ ನನಗಿಲ್ಲ ಸಾರ್. ಆದ್ರೆ ಒಬ್ಬ ಹುಡುಗ ಪಾಸಾಗಿದಾನೆ ಅಂತ ಗುರುತು ಹಾಕಿ ನೋಡ್ಬಹುದು, ಪ್ರಯೋಗಕ್ಕೆ.” ಒಬ್ಬ ಸುಳ್ಳು ವಿದ್ಯಾರ್ಥಿಯನ್ನು ಸೃಷ್ಟಿಸಿ, ಪಾಸು ಮಾಡಿ, ಸೇರಿಸಲು ಒತ್ತಿದ. ಪರದೆ ಕೆಂಪಾಯಿತು.

“ಏನಂತೆ?”

“ಪಾಸಾದವನು ಮತ್ತೆ ಯಾಕೆ ಓದ್ತಾನೆ, ಅಂತ ಕೇಳ್ತಿದೆ.”

“ಪಾಸಾಗದೆ ಇದ್ರೆ?”

“ಪಾಸಾಗದವನು ಹೇಗೆ ಸೇರ್ತಾನೆ, ಅಂತ ಬೆಳಿಗ್ಗೆಯಿಂದ ಕೇಳ್ತಿದೆಯಲ್ಲ.” ಅಣ್ಣನ ದನಿಯಲ್ಲಿ ಮೆಚ್ಚುಗೆ ಇತ್ತು. “ಎಂಥ ಬಿಗಿ ನೋಡಿ ಸಾರ್. ಗಾಳಿನೂ ಆಡಲ್ಲ.”

ಬಾಣದ ಮೇಷ್ಟ್ರು ಹತ್ತಿರದ ಪೆಟ್ಟಿಗೆಯ ಮೇಲೆ ಕುಸಿದರು. ಫೋನು ಅದುರಿತು. ಹೆಂಡತಿ.

“ರೀ, ಶಿಶುವಿಹಾರಕ್ಕೆ ಫೋನ್ ಮಾಡಿದ್ದೆ. ಇಬ್ಬರೂ ಅಳಲೇ ಇಲ್ವಂತೆ. ಚಿಕ್ಕವಳು ಅಲ್ಲಿನ ಆಯಾನ ಬಿಡೋದೇ ಇಲ್ಲ ಅಂತಾಳಂತೆ. ನಿಮ್ಮ ದನಿ ಯಾಕೆ ಹೀಗಿದೆ?”

“ನೆಲಮಾಳಿಗೆನಲ್ಲಿದೀನಿ. ಥಂಡಿ.”

“ಅಲ್ಲೇನ್ ಮಾಡ್ತಿದೀರಿ?”

“ಮಾಡ್ಯೂಲ್ ನೋಡ್ತಿದೀನಿ,” ಎಂದು ಅವರು ಫೋನಿಟ್ಟರು. ಅವರ ಮುಖ ನೋಡಿ ಸಿಸ್ಟಮ್ ಅಣ್ಣನಿಗೇ ಕರುಳು ಚುರುಕ್ ಎಂದಿತು. ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ.

“ಒಂದು ಸಂದಿ ಇದೆ ಸಾರ್. ಸಿಬ್ಬಂದಿ. ಇಲ್ಲಿ ಕೆಲಸ ಮಾಡೋರು ತರಬೇತಿಗೆ ಅಂತ ಯಾವ ಮಾಡ್ಯೂಲ್ ಬೇಕಾದ್ರೂ ಸೇರ್ಬಹುದು. ಅವರಿಗೆ ಪೂರ್ವಪಾಠ ಕೇಳಲ್ಲ. ಹತ್ತು ಜನ ಸಿಬ್ಬಂದಿ ತನ್ನಿ.”

“ಯಾರಾದ್ರೂ ಆಗತ್ತಾ?”

“ನೌಕರಿ ನಂಬರ್ ಇದ್ರೆ ಸಾಕು. ಮೊದಲನೇದು ನನ್ನದೇ ಹಾಕ್ಕೊಳ್ಳಿ.”

ಆಮೇಲಿನ ಹೊತ್ತನ್ನು ಬಾಣದ ಮೇಷ್ಟ್ರು ಓಡುತ್ತಲೇ ಕಳೆದರು. ಡೇಟಾಬೇಸ್ ಮೇಡಂ ಕೇಳುವ ಮೊದಲೇ ಸೇರಿ, ಅವರ ಜೊತೆಗೇ ಓಡತೊಡಗಿದರು. ಅದರಿಂದ ಉಪಕಾರಕ್ಕಿಂತ ಉಪದ್ರವವೇ ಹೆಚ್ಚಾಯಿತು. ಗ್ರಂಥಪಾಲಕಿಗೆ ಮೇಷ್ಟ್ರು ಮಾಡ್ಯೂಲನ್ನು ವಿವರಿಸುತ್ತಿದ್ದಂತೆ ಮೇಡಂ ನಡುವೆ ಬಾಯಿ ಹಾಕಿ, “ಕಷ್ಟ ಏನಿಲ್ಲ, ಬರೀ ಚೌಕ,” ಎಂದರು. ಚೌಕಗಳ ಮೇಲೆ ಪುಸ್ತಕ ಬರೆಯುವ ಆಸೆಯಿದ್ದ ಮೇಷ್ಟ್ರು ಆ ಮಾತನ್ನು ನುಂಗಿಕೊಂಡರು; ಗ್ರಂಥಪಾಲಕಿ ಸೇರಿದಳು. ಕ್ಯಾಂಟೀನಿನ ಅಡುಗೆಯವನು ಸೌಟು ಹಿಡಿದೇ ವಿಚಾರಣೆ ನಡೆಸಿದ.

“ಮನೆಪಾಠ ಕೊಡ್ತೀರಾ?”

“ಸ್ವಲ್ಪ.”

“ಮುಂದಿನ ಬೆಂಚಲ್ಲಿ ಕೂರಿಸ್ಬಾರ್ದು. ಪ್ರಶ್ನೆ ಕೇಳ್ಬಾರ್ದು. ನನ್ನ ಮಗ ಇದೇ ಕಾಲೇಜಲ್ಲಿದಾನೆ, ಅವನ ಮುಂದೆ ಮರ್ಯಾದೆ ಪ್ರಶ್ನೆ.”

“ಕೇಳಲ್ಲಪ್ಪ.”

ಅಡುಗೆಯವನು ಸೇರಿದ, ಹೋಗಿ ಪಾತ್ರೆ ತೊಳೆಯುವ ಇಬ್ಬರನ್ನೂ ಎಳೆದು ತಂದ. ಬಸ್ಸಿನ ಚಾಲಕ, ಕ್ಲಾಸು ಮುಗಿಯುವವರೆಗೆ ಎಲ್ಲಾದರೂ ಕೂರಲೇಬೇಕಲ್ಲ ಎಂದು ಒಪ್ಪಿದ. ತೋಟದವಳು, ಪ್ರಮಾಣಪತ್ರ ಕೊಡುತ್ತಾರೆಯೇ, ಅದಕ್ಕೆ ಗಾಜು ಹಾಕಿಸಬಹುದೇ ಎಂದು ಕೇಳಿ ಸಹಿ ಹಾಕಿದಳು. ಗೇಟಿನ ಕಾವಲುಗಾರ, ತಾನು ನಿಂತೇ ಪಾಠ ಕೇಳುವುದಾಗಿ ಷರತ್ತು ಹಾಕಿದ.

ಒಂಬತ್ತು ಜನ ಆದರು. ಕೋಣೆಗೆ ಮರಳಿದಾಗ ಗೋಡೆಯ ಗಡಿಯಾರದಲ್ಲಿ ಐದಕ್ಕೆ ಇನ್ನು ಕೆಲವೇ ನಿಮಿಷ. ಹತ್ತನೆಯವರು ವ್ಯಾಯಾಮದ ತರಬೇತುದಾರರು. ಅವರು ಎದೆ ಉಬ್ಬಿಸಿ ಬಂದು ಕೂತು, ತಮ್ಮ ಗುಪ್ತಪದವನ್ನು ತಪ್ಪಾಗಿ ಒತ್ತಿದರು. ಮತ್ತೆ ತಪ್ಪಾಗಿ, ಇನ್ನಷ್ಟು ಜೋರಾಗಿ ಒತ್ತಿದರು. ಮೂರನೆಯ ಸಲ, ಕಂಪ್ಯೂಟರು ಅವರನ್ನು ನಾಳೆಯವರೆಗೆ ಹೊರಗೆ ಹಾಕಿತು.

ಬಾಣದ ಮೇಷ್ಟ್ರು ಗೋಡೆಯ ಕಡೆ ತಿರುಗಿದರು. ಭದ್ರತೆ ಮೇಷ್ಟ್ರು ಇಷ್ಟು ಹೊತ್ತೂ ತಮ್ಮ ಪರದೆಯನ್ನು ಕೈಯಿಂದ ಮರೆಮಾಡಿಕೊಂಡು ಏನೋ ಓದುತ್ತಿದ್ದರು.

“ನಿಮ್ಮ ಕಾಲಿಗೆ ಬೀಳ್ತೀನಿ. ಒಂದು ಹೆಸರು. ಕ್ಲಾಸಿಗೆ ಬರೋದೂ ಬೇಡ.”

“ಇಷ್ಟು ಜನ ಒಟ್ಟಿಗೆ ಯಾಕೆ ಸೇರ್ತಿದಾರೆ, ಅದು ಮೊದಲು ಹೇಳಿ.”

“ನನ್ನ ಕೆಲಸ ಉಳಿಸೋಕೆ.”

“ಹಾಗಂತ ನೀವು ಹೇಳ್ತೀರಿ. ನೋಡಿ, ನಾನು ಹುಟ್ಟಿದ ತಾರೀಖನ್ನ ನನ್ನ ಹೆಂಡತಿಗೇ ಹೇಳಿಲ್ಲ. ಬೇಜಾರು ಮಾಡ್ಕೋಬೇಡಿ, ನಾನು ಎಲ್ಲಿಗೂ ಸೇರಲ್ಲ.”

“ಥೂ, ಕಲ್ಲು ಕರಗೀತು, ಇವರು ಕರಗಲ್ಲ,” ಎಂದು ಮೇಡಂ ಗಡಿಯಾರ ನೋಡಿದರು, ಬಾಣದ ಮೇಷ್ಟ್ರನ್ನು ನೋಡಿದರು. ಅವರ ಮುಖ ಬೆಳಗಿತು. “ಅಲ್ಲ ರೀ, ನೀವೂ ಸಿಬ್ಬಂದಿ ತಾನೇ?”

“ನಾನೇ ನನ್ನ ಕ್ಲಾಸಿಗೆ ಹೇಗೆ...”

“ಅದು ಆಮೇಲಿನ ಮಾತು. ಒತ್ತಿ.”

ಬಾಣದ ಮೇಷ್ಟ್ರು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡರು. ತಮ್ಮ ನೌಕರಿ ನಂಬರನ್ನು ಒಂದೊಂದೇ ಅಂಕಿಯಾಗಿ ಒತ್ತಿದರು. ಕಂಪ್ಯೂಟರು ಅರೆಗಳಿಗೆ ಯೋಚಿಸಿತು. ಹಸಿರಾಯಿತು. ಹತ್ತು. ಅದರ ಬೆನ್ನಿಗೇ ನೋಂದಣಿ ಮುಚ್ಚಿತು ಎಂಬ ಪಟ್ಟಿ ಪರದೆಯ ಮೇಲೆ ಇಳಿಯಿತು.

ತರಬೇತುದಾರರು ಅವರ ಬೆನ್ನಿಗೆ ಗುದ್ದಿದ ಗುದ್ದಿಗೆ ಮೇಷ್ಟ್ರ ಕನ್ನಡಕ ಕೀಲಿಮಣೆಯ ಮೇಲೆ ಬಿತ್ತು. ಮೇಡಂ ಕಣ್ಣೊರೆಸಿಕೊಂಡು, ಈಗ ಊಟ ಸೇರುತ್ತದೆ ಎಂದು ಡಬ್ಬಿ ತೆರೆದರು. ಬಾಣದ ಮೇಷ್ಟ್ರು ಹೆಂಡತಿಗೆ ಫೋನು ಮಾಡಿ, “ಮಕ್ಕಳಿಗೆ ನಾಳೆ ಹೊಸ ಚಪ್ಪಲಿ ತರೋಣ” ಎಂದರು.

ಮುಖ್ಯಸ್ಥರು ಬಂದದ್ದು ಆಗ. ಬಾಗಿಲಲ್ಲಿ ನಿಂತು ಅವರು ಕನ್ನಡಕ ತೆಗೆದರು.

“ಅಭಿನಂದನೆ. ಹತ್ತು ಜನ. ಮಾಡ್ಯೂಲ್ ನಡೆಯತ್ತೆ. ಪರೀಕ್ಷೆ ವಿಷಯ ನಾನು ಮರೆತೆ.” ಒರೆಸುವುದು ಮಾತ್ರ ನಿಲ್ಲಲಿಲ್ಲ. “ಒಂದು ಸಣ್ಣ ವಿಚಾರ. ನೋಂದಣಿ ಮುಚ್ಚಿದ ಮೇಲೆ ಕಂಪ್ಯೂಟರು ಒಂದು ಸಲ ಎಲ್ಲಾ ತಾಳೆ ನೋಡತ್ತಂತೆ. ಯಾರೂ ತಮಗೆ ತಾವೇ ಅಂಕ ಕೊಟ್ಕೊಳ್ಳೋ ಹಾಗಿಲ್ಲ ಅಂತ. ನಿಮ್ಮ ಹೆಸರು ಮೇಷ್ಟ್ರ ಜಾಗದಲ್ಲೂ ಇತ್ತು, ವಿದ್ಯಾರ್ಥಿ ಜಾಗದಲ್ಲೂ ಇತ್ತು.”

“ಹಾಗಾದ್ರೆ ವಿದ್ಯಾರ್ಥಿ ಜಾಗದಿಂದ ತೆಗೆದುಬಿಡ್ಲಿ ಸಾರ್.”

“ನೋಂದಣಿ ಮುಚ್ಚಿದೆಯಲ್ಲ. ವಿದ್ಯಾರ್ಥಿಗಳನ್ನ ಮುಟ್ಟೋ ಹಾಗಿಲ್ಲ. ಮೇಷ್ಟ್ರ ಜಾಗದಿಂದ ತೆಗೆದಿದೆ.”

ಮೇಡಂ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ಬಾಣದ ಮೇಷ್ಟ್ರು ಕುರ್ಚಿಯ ಬೆನ್ನು ಹಿಡಿದುಕೊಂಡರು. “ನನ್ನ ಹೆಸರಲ್ಲಿ ಮಾಡ್ಯೂಲ್...”

“ಇಲ್ಲ. ಅವಧಿ ಮುಗಿಯೋವರೆಗೆ ಸಿಬ್ಬಂದಿಯಾಗಿರ್ತೀರಿ, ಅದಕ್ಕೆ ತೊಂದ್ರೆ ಇಲ್ಲ. ಆಮೇಲೆ ನನ್ನ ಕೈಲಿ ಏನೂ ಇಲ್ಲ. ಆದ್ರೆ ಕ್ಲಾಸು ತಪ್ಪಿಸ್ಬೇಡಿ, ಹಾಜರಾತಿ ಕಡ್ಡಾಯ.”

“ಪಾಠ ಯಾರು ಮಾಡ್ತಾರೆ ಸಾರ್?” ಎಂದು ಕೇಳಿದವರು ಮೇಡಂ. “ನಾನು ಬೇಕಾದ್ರೆ ಮಾಡ್ತೀನಿ. ಇವರ ಹೆಸರೇ ಇರ್ಲಿ, ನಾನು ಸುಮ್ನೆ...”

“ನೀವೂ ವಿದ್ಯಾರ್ಥಿನಿ, ಮೇಡಂ. ಮುಖ್ಯಸ್ಥನಾಗಿ ನಾನು ಪಾಠ ಮಾಡೋ ಹಾಗಿಲ್ಲ. ನಮ್ಮ ವಿಭಾಗದಲ್ಲಿ ಈ ಮಾಡ್ಯೂಲಿಗೆ ಸೇರದೇ ಉಳಿದಿರೋ ಮೇಷ್ಟ್ರು ಒಬ್ಬರೇ.” ಮುಖ್ಯಸ್ಥರು ಕನ್ನಡಕ ಹಾಕಿಕೊಂಡು, ಗೋಡೆಯ ಕಡೆ ಒಮ್ಮೆ ನೋಡಿ, ಹೊರಟುಹೋದರು.

ಭದ್ರತೆ ಮೇಷ್ಟ್ರು ಎದ್ದು ಬಂದರು. ಅವರು ತಮ್ಮ ಕುರ್ಚಿ ಬಿಟ್ಟು ಇತರರ ಮೇಜಿನವರೆಗೆ ಬಂದದ್ದು ಅದೇ ಮೊದಲು.

“ಸೋಮವಾರ ಕ್ಲಾಸಿದೆ. ಈ ವಿಷಯ ನನಗೇನೂ ಗೊತ್ತಿಲ್ಲ. ನಿಮ್ಮ ನೋಟ್ಸ್ ಎಲ್ಲಾ ಕೊಟ್ಬಿಡಿ.”

ಬಾಣದ ಮೇಷ್ಟ್ರು ಯಂತ್ರದಂತೆ ಖಾನೆ ಎಳೆದು, ಇಡೀ ಬೇಸಿಗೆ ಕೂತು ಬರೆದ ದಪ್ಪ ಕಂತೆಯನ್ನು ಅವರ ಕೈಗಿತ್ತರು. ಭದ್ರತೆ ಮೇಷ್ಟ್ರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಚೌಕಗಳನ್ನು, ಬಾಣಗಳನ್ನು ಹತ್ತಿರದಿಂದ, ದೂರದಿಂದ ನೋಡಿದರು. ಆಮೇಲೆ ತಲೆಯೆತ್ತಿ, ಇಷ್ಟು ವರ್ಷ ಪಕ್ಕದಲ್ಲೇ ಕೂತ ಮನುಷ್ಯನನ್ನು ಮೇಲಿಂದ ಕೆಳಗೆ ಅಳೆದರು.

“ಚೆನ್ನಾಗಿದೆ,” ಎಂದರು. “ಈಗ್ಲೇ ಹೇಳಿರ್ತೀನಿ, ಆಮೇಲೆ ಅತ್ತು ಉಪಯೋಗ ಇಲ್ಲ. ಇದರಲ್ಲಿರೋ ಒಂದು ಸಾಲು ನಿಮ್ಮ ಉತ್ತರಪತ್ರಿಕೆಲಿ ಕಂಡ್ರೂ, ಕಾಪಿ ಅಂತ ಹಿಡಿದು ಫೇಲ್ ಮಾಡ್ತೀನಿ.”