ಎಂಟು ಗುಂಡಿಗಳ ಮೀಸಲು ಪಡೆ

ಯುದ್ಧದಲ್ಲಿ ಸೋಲುವವರು ಸಾಮಾನ್ಯವಾಗಿ ಸೈನ್ಯ ಮುಗಿದು ಸೋಲುತ್ತಾರೆ. ನಾನು ಸೈನ್ಯ ಉಳಿಸಿಕೊಂಡು ಸೋಲುವವನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ದಿನಚರಿಯಲ್ಲಿ ಬರೆದಿಟ್ಟಿರುವುದರಿಂದ ಅಲ್ಲಗಳೆಯಲು ಬರುವುದಿಲ್ಲ, ಅಷ್ಟೇ. ಒಂದು ವರ್ಷದಲ್ಲಿ ನಲವತ್ತಮೂರು ಯುದ್ಧ ಆಡಿದ್ದೇನೆ, ಇಪ್ಪತ್ತೊಂಬತ್ತು ಸೋತಿದ್ದೇನೆ. ಆ ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತಾರು ಸಲ ನನ್ನ ಮೀಸಲು ಪಡೆ ಒಂದು ಗೀರೂ ಇಲ್ಲದೆ, ಬೆಳಿಗ್ಗೆ ಇಟ್ಟ ಜಾಗದಲ್ಲೇ ಸಂಜೆಯೂ ಹೊಳೆಯುತ್ತ ಕೂತಿತ್ತು. ಉಳಿದ ಮೂರು ಸಲ ಕಳಿಸಿದ್ದೆ. ಅದು ಹೋಗಿ ಮುಟ್ಟುವ ಹೊತ್ತಿಗೆ ಎದುರಾಳಿಗಳು ಚಹಾಕ್ಕೆ ಎದ್ದಿದ್ದರು.

ಯುದ್ಧ ಎಂದರೆ ಮೇಜಿನ ಮೇಲಿನದು. ರಾಣೆಬೆನ್ನೂರಿನಲ್ಲಿ ಪ್ರಭು ಮಾಸ್ತರರೆಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವರಿದ್ದಾರೆ. ಅವರ ಪಡಸಾಲೆಯಲ್ಲಿ ಪ್ರತಿ ಭಾನುವಾರ ನಾವು ನಾಲ್ವರು ಸೇರುತ್ತೇವೆ: ಒಂದು ಕಡೆ ಮಾಸ್ತರು ಮತ್ತು ಅವರ ಹೆಂಡತಿ ಗಿರಿಜಕ್ಕ, ಇನ್ನೊಂದು ಕಡೆ ನಾನು ಮತ್ತು ದಸ್ತಗೀರ. ದಸ್ತಗೀರ ನನ್ನ ಜೊತೆ ಕಾಲೇಜು ಓದಿದವನು, ಈಗ ಬಸ್‌ಸ್ಟ್ಯಾಂಡಿನ ಹಿಂದೆ ಟೇಲರ್ ಅಂಗಡಿ ಇಟ್ಟಿದ್ದಾನೆ. ರಣರಂಗ ಪೂರ್ತಿ ಅವನ ಅಂಗಡಿಯದೇ. ಶಾಲೆಯ ಕೋಟು ಹೊಲಿಯಲು ತಂದು ಮಿಕ್ಕ ಹಸಿರು ಬಟ್ಟೆ ಭೂಮಿ, ಅದರಡಿ ಬೋರಲು ಹಾಕಿದ ತಾಟು ಗುಡ್ಡ, ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ಎಳೆದ ಗೆರೆ ಹೊಳೆ, ಅಡ್ಡ ಇಟ್ಟ ಅಳತೆಪಟ್ಟಿ ಸೇತುವೆ. ದಾರ ಮುಗಿದ ರೀಲುಗಳು ಕಾಲಾಳು. ಕೋಟಿನ ಹಿತ್ತಾಳೆ ಗುಂಡಿಗಳು ಕುದುರೆ ದಳ. ಪ್ರತಿ ಪಕ್ಷಕ್ಕೂ ಎಂಟು ಗುಂಡಿ; ಅವನ್ನು ಮೊದಲೇ ಕಣಕ್ಕಿಳಿಸದೆ ಹಿಂದೆ ಒಂದು ಡಬ್ಬಿಯ ಮುಚ್ಚಳದಲ್ಲಿ ಕಾಯ್ದಿಡಬಹುದು. ಬೇಕೆನಿಸಿದಾಗ ಬಿಡಬಹುದು. ನಮ್ಮ ಕಡೆಯ ಮುಚ್ಚಳ ನನ್ನ ವಶದಲ್ಲಿತ್ತು, ಯಾಕೆಂದರೆ ನಾನು ಶಿಸ್ತಿನ ಮನುಷ್ಯ ಎಂದು ಎಲ್ಲರಿಗೂ ನಂಬಿಕೆ.

ತಪ್ಪು ಶುರುವಾದದ್ದು ಒಂದು ಶಬ್ದದಿಂದ. ಆಟದ ನಿಯಮಗಳು ಇಂಗ್ಲಿಷಿನಲ್ಲಿದ್ದವು. ಅವನ್ನೆಲ್ಲ ಕನ್ನಡಕ್ಕೆ ತಂದು ಒಂದು ವಹಿಯಲ್ಲಿ ಬರೆಯುವ ಕೆಲಸ ನನಗೆ ಬಂತು. ರಿಸರ್ವ್ ಎಂದಿದ್ದಲ್ಲೆಲ್ಲ ನಾನು 'ಮೀಸಲು' ಎಂದು ಬರೆದೆ. ನಿಘಂಟಿನ ಪ್ರಕಾರ ಸರಿಯೇ. ದಸ್ತಗೀರನಿಗೆ ಅದು ಬಸ್ಸಿನಲ್ಲಿ ಮಹಿಳೆಯರಿಗೆ ಬಿಟ್ಟ ಸೀಟು. "ಬರೋತನಾ ಖಾಲಿ ಇಡೂದು, ಬಂದ್ರ ಲಗೂನ ಎದ್ದು ಬಿಟ್ಟುಕೊಡೂದು. ಅಷ್ಟ ಐತಿ ನೋಡು," ಎಂದಿದ್ದ. ನನಗೆ ಹಾಗಿರಲಿಲ್ಲ. ಅಗಡಿ ಊರಿನ ನಮ್ಮ ಮನೆಯಲ್ಲಿ ಎಮ್ಮೆ ಕರು ಹಾಕಿದರೆ ಮೊದಲ ತುಪ್ಪ ದೇವರ ಮೀಸಲು. ಅಜ್ಜಿ ಅದನ್ನು ಸಣ್ಣ ಗಡಿಗೆಗೆ ಹಾಕಿ ಮೇಲಿನ ಗೋಡೆಗೂಡಿನಲ್ಲಿ ಇಡುತ್ತಿದ್ದಳು. ದೇವರಿಗೆ ಮುಟ್ಟಿಸಿ ಮೀಸಲು ಮುರಿಯುವ ತನಕ ಮನೆಯವರ್ಯಾರೂ ಅದರ ನೆರಳಿಗೂ ಹೋಗುವಂತಿಲ್ಲ. ನಾನು ಏಳು ವರ್ಷದವನಿದ್ದಾಗ ಒಮ್ಮೆ ಬೆರಳು ಅದ್ದಿದೆ. ಅಜ್ಜಿ ಬೈಯಲಿಲ್ಲ. ಗಡಿಗೆ ಇಳಿಸಿದಳು, ತುಪ್ಪವನ್ನೆಲ್ಲ ನನ್ನ ತಾಟಿಗೆ ಸುರಿದಳು, "ತಿನ್ನು, ಇನ್ನ ಇದು ದೇವರದಲ್ಲ" ಎಂದಳು. ನನಗೆ ಒಂದು ತುತ್ತೂ ಇಳಿಯಲಿಲ್ಲ. ಅಂಥ ಶಬ್ದವನ್ನು ನಾನೇ ಸ್ವಂತ ಕೈಯಿಂದ ಎಂಟು ಗುಂಡಿಗಳ ಮೇಲೆ ಬರೆದಿಟ್ಟೆ. ಅವತ್ತೇ 'ಹಿಂದಿನ ಪಡೆ' ಎಂದು ಬರೆದಿದ್ದರೆ ಎಷ್ಟೋ ರೀಲುಗಳು ಬದುಕುತ್ತಿದ್ದವು.

ನನ್ನ ಉದ್ಯೋಗವೂ ನೆರವಾಗಲಿಲ್ಲ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಯಾವ ಚೀಲ ಯಾವ ಅಂತಸ್ತಿನಲ್ಲಿದೆ ಎಂದು ಬರೆಯುವುದು ನನ್ನ ಕೆಲಸ. ಹೊರಗಿನ ಬಿಸಿಲಿಗೆ ಬಿದ್ದ ಮೆಣಸಿನಕಾಯಿ ಬಣ್ಣ ಬಿಡುತ್ತದೆ, ಒಳಗಿಟ್ಟದ್ದು ಹಾಗೇ ಕೆಂಪಗಿರುತ್ತದೆ. ವರ್ಷಗಟ್ಟಲೆ ಇದನ್ನು ನೋಡಿದವನಿಗೆ, ಹೊರಗೆ ಬಿಟ್ಟದ್ದೆಲ್ಲ ಕೆಡುತ್ತದೆ ಎಂಬ ಭಾವನೆ ಮೈಗೆ ಹತ್ತುವುದು ಸಹಜ. ದಸ್ತಗೀರ ಹೊಲಿದು ಕೊಟ್ಟ ಒಂದು ಅಂಗಿಯನ್ನು ನಾನು ಎಂಟು ತಿಂಗಳಿಂದ ತೊಟ್ಟಿಲ್ಲ. "ಚೊಲೋ ಆಗಿಲ್ಲೇನು?" ಎಂದು ಅವನು ಎರಡು ಸಲ ಕೇಳಿದ. ಭಾಳ ಚೊಲೋ ಆಗಿದೆ, ಅದಕ್ಕೇ ಇಟ್ಟಿದ್ದೇನೆ ಎಂದೆ. ಮೂರನೆಯ ಸಲ ಅವನು ಕೇಳಲಿಲ್ಲ.

ಆಟದಲ್ಲಿ ನಡೆಯುತ್ತಿದ್ದುದು ಯಾವಾಗಲೂ ಒಂದೇ. ದಸ್ತಗೀರ ಮುಂದೆ ನುಗ್ಗುವವನು. ಅವನ ರೀಲುಗಳು ಹೊಳೆ ದಾಟಿ, ಗುಡ್ಡದ ಬುಡದಲ್ಲಿ ಸಿಕ್ಕಿಬಿದ್ದು, ಒಂದೊಂದಾಗಿ ಉರುಳುತ್ತಿದ್ದವು.

"ಮಾಲ್ತೇಶಾ, ಕಳಸೋ. ಬಲಗಡೆ ಹೊಂಟತು."

"ಇನ್ನೊಂದು ಸುತ್ತು ತಡಿ."

"ತಡದು ತಡದು ಸಾಯಾಕತ್ತೇನಿ ಇಲ್ಲಿ!"

ಗಿರಿಜಕ್ಕ ದಾಳ ಅಲ್ಲಾಡಿಸುತ್ತ ನಗುತ್ತಿದ್ದರು. "ಆ ಗುಂಡಿ ಯಾವ ದೇವರಿಗೆ ಬಿಟ್ಟೀಯೋ ತಮ್ಮಾ? ದಸ್ತಗೀರಾ, ನೀ ಸುಮ್ಮನ ಒಂದು ಕಾಯಿ ಒಡಸು, ಆವಾಗರೆ ಹೊರಗ ತಗದಾನು."

ಗೇಲಿ ಅವರಿಗೆ ಸರಿ. ನನ್ನ ಸಮಸ್ಯೆ ಗಂಭೀರವಾದದ್ದು. ಈಗ ಬಂದಿರುವುದು ಕೆಟ್ಟ ಗಳಿಗೆ, ನಿಜ. ಆದರೆ ಇದಕ್ಕಿಂತ ಕೆಟ್ಟ ಗಳಿಗೆ ಇನ್ನು ಹತ್ತು ನಿಮಿಷಕ್ಕೆ ಬಂದರೆ? ಆಗ ಕೈಯಲ್ಲಿ ಏನಿರುತ್ತದೆ? ಈ ಪ್ರಶ್ನೆಗೆ ನನಗೆ ಈವರೆಗೂ ಉತ್ತರ ಸಿಕ್ಕಿಲ್ಲ. ಪ್ರತಿ ಸಲವೂ ಅದಕ್ಕಿಂತ ಕೆಟ್ಟ ಗಳಿಗೆ ಬಂದೇ ಬಂದಿದೆ, ಪ್ರತಿ ಸಲವೂ ಅದರ ಮುಂದಿನದು ಇನ್ನೂ ಕೆಟ್ಟದಾಗಿ ಕಂಡಿದೆ.

ಕೊನೆಗೊಂದು ಭಾನುವಾರ, ಸೇತುವೆಯ ಮೇಲೆ ಅವನ ಮೂರೇ ರೀಲು ಉಳಿದಿದ್ದಾಗ, ದಸ್ತಗೀರ ದಾಳವನ್ನು ಮೇಜಿನ ಮೇಲೆ ಇಟ್ಟುಬಿಟ್ಟ. ದನಿ ಏರಿಸಲಿಲ್ಲ. "ನೋಡು, ಸೋಲೂದಕ್ಕ ನನಗೇನೂ ಬ್ಯಾಸರ ಇಲ್ಲ. ಆದ್ರ ನೀ ಹಿಂದ ಕುಂತು ನಾ ಸಾಯೂದು ನೋಡ್ತೀಯಲ್ಲ, ಅದಕ್ಕ ಬ್ಯಾಸರ. ಇವತ್ತ ಕಳಸಲಿಲ್ಲಂದ್ರ, ಮುಂದಿನ ಐತವಾರ ನಾ ಅಕ್ಕಾರ ಬಾಜೂ ಕುಂದ್ರತೇನಿ. ಖರೇ ಹೇಳಾಕತ್ತೇನಿ."

ಮಾಸ್ತರು ಕನ್ನಡಕ ಸರಿಪಡಿಸಿಕೊಂಡು ಕಿಟಕಿಯ ಕಡೆ ನೋಡಿದರು. ನನ್ನ ಕೈ ಮುಚ್ಚಳದವರೆಗೆ ಹೋಯಿತು. ಒಂದು ಗುಂಡಿಯನ್ನು ಎತ್ತಿದೆ ಕೂಡ. ಎತ್ತಿದ ಮೇಲೆ, ಮಾಸ್ತರರ ಎಂಟು ಗುಂಡಿಗಳೂ ಇನ್ನೂ ಹೊರಬಂದಿಲ್ಲವಲ್ಲ ಎಂದು ನೆನಪಾಯಿತು. ಅವರು ಬಿಟ್ಟ ಮೇಲೆ ನಾನು ಬಿಡುವುದು ಶಾಸ್ತ್ರೋಕ್ತ. ಗುಂಡಿಯನ್ನು ಅಂಗಿಯಿಂದ ಒರೆಸಿ ಮತ್ತೆ ಅಲ್ಲೇ ಇಟ್ಟೆ. ಎರಡು ಸುತ್ತಿನಲ್ಲಿ ಸೇತುವೆ ಹೋಯಿತು. ದಸ್ತಗೀರ ರೀಲುಗಳನ್ನು ಚೀಲಕ್ಕೆ ತುಂಬಿ, ಗಿರಿಜಕ್ಕ ಕೊಟ್ಟ ಚಹಾ ಕುಡಿದು, ನನಗಾಗಿ ಕಾಯದೆ ಹೋದ. ಅವತ್ತು ಬ್ಯಾಡಗಿಗೆ ಹೋಗುವ ರೈಲಿನ ತನಕ ನಾನೊಬ್ಬನೇ ನಡೆದೆ.

ಮುಂದಿನ ಭಾನುವಾರ ಅವನು ಹೇಳಿದಂತೆಯೇ ಗಿರಿಜಕ್ಕನ ಪಕ್ಕ ಕುಳಿತ. ಮಾಸ್ತರು ನನ್ನ ಪಕ್ಕಕ್ಕೆ ಬಂದರು. ಆಟ ಶುರುವಾಗಿ ಅರ್ಧ ಗಂಟೆಯಲ್ಲಿ ನನಗೊಂದು ವಿಷಯ ಹೊಳೆಯಿತು. ಇಷ್ಟು ದಿನ ಮಾಸ್ತರು, ಗಿರಿಜಕ್ಕ ಎಷ್ಟೇ ನಕ್ಕರೂ, ನನ್ನ ಗುಂಡಿಗಳಿಗೆ ಹೆದರಿ ನಾಲ್ಕು ರೀಲುಗಳನ್ನು ಹಿಂದೆ ಕಾವಲಿಗೆ ಬಿಡುತ್ತಿದ್ದರು. ದಸ್ತಗೀರ ಒಂದನ್ನೂ ಬಿಡಲಿಲ್ಲ. ಮುಚ್ಚಳದ ಕಡೆ ಕಣ್ಣೆತ್ತಿಯೂ ನೋಡದೆ ನೇರ ನನ್ನ ಮೇಲೆ ಬಂದ. ಅಷ್ಟು ಚೆನ್ನಾಗಿ ನನ್ನನ್ನು ಬಲ್ಲವರು ಆ ಮೇಜಿನ ಸುತ್ತ ಬೇರೆ ಯಾರೂ ಇರಲಿಲ್ಲ. ಅವನ ಬೆನ್ನು ಪೂರ್ತಿ ಖಾಲಿಯಿತ್ತು.

ನಾನು ಎಂಟೂ ಗುಂಡಿಗಳನ್ನು ಬಿಟ್ಟೆ.

"ಅರೆರೆ! ಮೀಸಲಾ ಮುರದನಲ್ಲೋ!" ಎಂದು ಗಿರಿಜಕ್ಕ ಎದ್ದು ನಿಂತರು. ಮಾಸ್ತರು ನನ್ನ ಬೆನ್ನು ತಟ್ಟಿದರು. ನಾಲ್ಕು ಸುತ್ತಿನಲ್ಲಿ ಆಟ ಮುಗಿಯಿತು. ಅಷ್ಟು ಸುಲಭವಾಗಿ ನಾನು ಎಂದೂ ಗೆದ್ದಿರಲಿಲ್ಲ.

ದಸ್ತಗೀರ ಬಟ್ಟೆಯ ಮೇಲೆ ಉರುಳಿದ ತನ್ನ ರೀಲುಗಳನ್ನು ಒಟ್ಟುಮಾಡಿದ. ಒಂದು ಗುಂಡಿಯನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಅಂಗೈಯಲ್ಲಿಟ್ಟ.

"ಇವು ಬರತಾವು ಅಂತಾತು," ಎಂದ. "ನನ್ನ ಉಳಸಾಕ ಒಂದಿನಾನೂ ಬರಲಿಲ್ಲ. ನನ್ನ ಕೊಲ್ಲಾಕ ಎಂಟೂ ಬಂದ್ವು ನೋಡು."

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸ್ವಲ್ಪ ನಗುವೇ ಇತ್ತು. ಅದು ಸಿಟ್ಟಿಗಿಂತ ಕಷ್ಟ. ತಪ್ಪಾಯಿತು, ಮತ್ತೆ ಈ ಕಡೆ ಬಂದು ಕೂಡು ಎನ್ನುವ ಮಾತು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಆದರೆ ಗಿರಿಜಕ್ಕ, ಮಾಸ್ತರು ಇಬ್ಬರೂ ಎದುರಿಗಿದ್ದರು, ಚಹಾ ಬೇರೆ ಬಂತು. ಇನ್ನೂ ಒಳ್ಳೆಯ ಸಂದರ್ಭ ನೋಡಿ ಹೇಳಿದರಾಯಿತು ಅಂದುಕೊಂಡೆ. ಇವತ್ತಿಗೆ ಆರು ಭಾನುವಾರ ಆದವು.