ಪುಟ್ಟತಾಯಮ್ಮನವರ ಮನೆಯ ಕುರ್ಚಿ

ಇಷ್ಟು ವರ್ಷಗಳ ಗುಮಾಸ್ತಗಿರಿಯಲ್ಲಿ ನಾನು ಸಾಹೇಬರಿಗೆ ಎದುರು ಮಾತಾಡಿದ್ದು ಒಂದೇ ಸಲ. ಅದೂ ಒಂದು ಮಡಿಸುವ ಕಬ್ಬಿಣದ ಕುರ್ಚಿಯ ವಿಷಯಕ್ಕೆ. ನಗಬೇಡಿ. ವಿಧವಾ ವೇತನ ಪಡೆಯುವವರ ಬಡತನ ಎಷ್ಟು ಕಡಿಮೆಯಾಗಿದೆ ಎಂದು ಮನೆಮನೆಗೆ ಹೋಗಿ ನೋಡಿ ಬರಲು ಕಚೇರಿಯವರು ನನ್ನನ್ನು ಹೆಗ್ಗನಹಳ್ಳಿಗೆ ಅಟ್ಟಿದ್ದರು. ಬಡತನ ಅಳೆಯಲು ಕೈಯಲ್ಲೊಂದು ನಮೂನೆ: ಕುರ್ಚಿ ಇದೆಯೇ, ಸ್ಟೀಲ್ ಪಾತ್ರೆ ಇದೆಯೇ, ಹೀಗೆ. ತಿಂಗಳ ಕೊನೆಯಲ್ಲಿ ಅದನ್ನು ರಾಜಾಜಿನಗರದ ನನ್ನ ಬಾಡಿಗೆ ಮನೆಗೆ ತಂದಿದ್ದರೆ ನನಗೂ ಏನಾದರೂ ಮಂಜೂರಾಗುತ್ತಿತ್ತೇನೋ.

ಪುಟ್ಟತಾಯಮ್ಮ ಒಂಟಿ ಮುದುಕಿ. ಪೋಸ್ಟ್‌ಮ್ಯಾನ್ ತಂದುಕೊಡುವ ಆ ಹಣದಲ್ಲೇ ಅವರ ರಾಗಿ, ಸೀಮೆಎಣ್ಣೆ ಎಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ನಾನು ಕುಡಿಯುತ್ತಲೇ ಎರಡಕ್ಕೂ ‘ಇದೆ’ ಎಂದು ಬರೆದೆ. ಹೊರಟು ನಿಂತಾಗ ಪಕ್ಕದ ಮನೆಯಾತ ಬಂದು, “ಆಯ್ತಾ ಸಾರ್? ಕುರ್ಚಿ ತಗೊಂಡ್ ಹೋಗ್ಲಾ?” ಎಂದ. ಲೋಟ ಎದುರು ಮನೆಯದಂತೆ. ನಾಚಿಕೆಯಾಗಿ ಎರಡನ್ನೂ ಹೊಡೆದುಹಾಕಿ ‘ಇಲ್ಲ’ ಎಂದು ತಿದ್ದಿದೆ.

ಸಾಹೇಬರ ಕಣ್ಣಿಗೆ ಆ ಚಿತ್ತೇ ಬೀಳಬೇಕೆ? “ಕುರ್ಚಿ ಇಟ್ಕೊಂಡೋರಿಗೆ ಯಾಕ್ರೀ ವೇತನ? ನಿಲ್ಲಿಸಬಹುದು ಅಂತ ಬರೀರಿ.”

“ಅದು ಪಕ್ಕದ ಮನೇದು ಸಾರ್.”

“ನೀವು ಅದರ ಮೇಲೆ ಕೂತ್ರೋ ಇಲ್ವೋ?”

“ಕೂತೆ.”

“ಮತ್ತೆ?”

ಆ ‘ಮತ್ತೆ’ಗೆ ನನ್ನ ಪಿತ್ತ ನೆತ್ತಿಗೇರಿತು. “ನಾನು ಬರೆಯಲ್ಲ ಸಾರ್. ಮುದುಕಿ ಅನ್ನ ಕಿತ್ಕೊಳ್ಳೋ ಕಾಗದಕ್ಕೆ ನನ್ನ ರುಜು ಬೀಳಲ್ಲ” ಎಂದುಬಿಟ್ಟೆ. ಸಾಹೇಬರು ಹೊಸ ನಮೂನೆಯೊಂದನ್ನು ಮೇಜಿನ ಮೇಲೆ ಎಸೆದು, ಮತ್ತೆ ಹೋಗಿ ಚಿತ್ತಿಲ್ಲದೆ ತುಂಬಿ ತನ್ನಿ ಎಂದರು.

ಮರುದಿನ ಹೋದವನೇ, “ಅಮ್ಮಾ, ಈ ಸಲ ಕುರ್ಚಿ ತರಬೇಡಿ, ನಿಮ್ಮ ದುಡ್ಡು ನಿಂತುಹೋಗುತ್ತೆ” ಎಂದು ಚಾಪೆಯ ಕಡೆ ನಡೆದೆ. ಪುಟ್ಟತಾಯಮ್ಮ ಅಡ್ಡ ನಿಂತರು.

“ಹೋದ್ರೆ ಹೋಗ್ಲಿ ಸಾಮಿ. ಮನೆಗ್ ಬಂದೋರ್ನ ನೆಲದ್ ಮ್ಯಾಲೆ ಕೂರುಸುದ್ಲು ಅಂತ ನಾನ್ ಅನ್ನುಸ್ಕೊಳಾಕಿಲ್ಲ.”

ಪಕ್ಕದ ಮನೆಯ ಕುರ್ಚಿ ಮತ್ತೆ ಬಂತು. ಕೂತೆ. ಅದರ ಮೇಲೆ ಕೂತುಕೊಂಡೇ, ಕುರ್ಚಿ ‘ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದು ರುಜು ಹಾಕಿದೆ. ಅವರ ವೇತನ ಉಳಿಯಿತು.

ಈ ಪರಾಕ್ರಮವನ್ನು ಮನೆಯಲ್ಲಿ ಎರಡನೇ ಸಲ ವರ್ಣಿಸುತ್ತಿದ್ದಾಗ ನನ್ನ ಹೆಂಡತಿ, “ಅದಿರ್ಲಿ ರೀ, ಸಿಟ್ಟು ಇಳೀಲಿ ಅಂತ ನಿಮ್ಮ ಸಾಹೇಬ್ರನ್ನ ಭಾನುವಾರ ಕಾಫಿಗೆ ಕರೆದಿದೀರಲ್ಲ, ಪಕ್ಕದ ಮನೆಯವರ ಸೋಫಾ ಕೇಳಿದ್ರಾ?” ಎಂದಳು.

ಭಾನುವಾರ ಸಾಹೇಬರು ಆ ಸೋಫಾಕ್ಕೆ ಒರಗಿ, ಕೈಯಿಂದ ಒಮ್ಮೆ ಒತ್ತಿ ನೋಡಿ, “ಪರವಾಗಿಲ್ಲ ಕಣ್ರೀ, ಅನುಕೂಲವಾಗೇ ಇದೀರಿ” ಎಂದರು.

“ಹೌದು ಸಾರ್” ಎಂದೆ.