ಮುದ್ದೆಗೆ ಎಷ್ಟು ಉದ್ದದ ಕೋಲು ಬೇಕು?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಾನು ಸೋತಿಲ್ಲ. ಮಳವಳ್ಳಿಯ ನಮ್ಮ ಬೀದಿಯಲ್ಲಿ ಬೇರೆ ಸುದ್ದಿ ಹಬ್ಬಿರಬಹುದು. ಹಬ್ಬಲಿ. ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿರುವವನು ನಾನು. ಬಾಗಿಲಿನ ಹಿಡಿ ಕೀಲಿನಿಂದ ದೂರ ಯಾಕಿರುತ್ತದೆ, ಬಾವಿಗೆ ರಾಟೆ ಯಾಕೆ ಬೇಕು, ದೊಡ್ಡ ಹಲ್ಲುಚಕ್ರ ಯಾಕೆ ನಿಧಾನ ತಿರುಗುತ್ತದೆ ಎಂದು ಬರೆದು ಬರೆದು ನನ್ನ ಷರಟುಗಳೆಲ್ಲ ಸೀಮೆಸುಣ್ಣದ ಬಣ್ಣಕ್ಕೆ ಬಂದಿವೆ. ‘ಹಿಡಿ ಉದ್ದವಾದಷ್ಟೂ ಬೇಕಾದ ಬಲ ಕಡಿಮೆ’ ಎಂದು ನಿದ್ದೆಯಲ್ಲೂ ಗೊಣಗುತ್ತೇನಂತೆ. ಹಾಗೆಂದು ದೂರುವವಳು ನನ್ನ ಹೆಂಡತಿ ಸುನಂದ.

ತೊಂದರೆ ಶುರುವಾದದ್ದು ಅವಳ ಬಲಗೈ ಮಣಿಕಟ್ಟಿನಿಂದ. ನೋವು ಹೆಚ್ಚಾಗಿ ಮಂಡ್ಯಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಅವರು ಕೈಗೆ ಪಟ್ಟಿ ಸುತ್ತಿ, ಸದ್ಯಕ್ಕೆ ಮುದ್ದೆ ಮಾಡುವುದು ಬೇಡ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಸುನಂದ, “ಇನ್ಮೇಲೆ ಎಲ್ಡೊತ್ತೂ ಅನ್ನನೇ ಕಣ್ರೀ” ಎಂದಳು. ಮಂಡ್ಯ ಸೀಮೆಯ ಮನುಷ್ಯನಿಗೆ ಹೇಳುವ ಮಾತೇ ಇದು? ಬರೀ ಅನ್ನ ಉಂಡರೆ ನನಗೆ ಉಪವಾಸವಿದ್ದ ಹಾಗೆ. ಆದರೆ ಹಸಿವಿಗಿಂತ ಹೆಚ್ಚು ನಾಚಿಕೆಯಾಯಿತು. ಮದುವೆಯಾದಾಗಿನಿಂದ ಅವಳು ಆ ಗಟ್ಟಿ ಹಿಟ್ಟನ್ನು ದಿನಾ ತೊಳಸುತ್ತಿದ್ದಾಳೆ. ನಾನು ಪಕ್ಕದ ಕೋಣೆಯಲ್ಲಿ ಕೂತು ಮಕ್ಕಳ ಉತ್ತರಪತ್ರಿಕೆಯಲ್ಲಿ ತಿರುಗುಬಲದ ಲೆಕ್ಕ ತಿದ್ದುತ್ತಿದ್ದೇನೆ. “ನಾಳೆಯಿಂದ ನಾನೇ ಮಾಡ್ತೀನಿ” ಎಂದೆ. “ಗಂಡಸ್ರ ಕೈಲಿ ಆಗೋ ಕೆಲ್ಸ ಅಲ್ಲ, ಬುಡಿ” ಎಂದಳು. ಇಡೀ ಬಸ್ಸು ಕೇಳಿಸಿಕೊಂಡಿತು. ಇನ್ನು ಬಿಡುವುದುಂಟೆ?

ಬಡಗಿ ಸಿದ್ದಾಚಾರಿಯ ಹತ್ತಿರ ಹೋಗಿ, ಮನೆಯಲ್ಲಿದ್ದ ಮುದ್ದೆ ಕೋಲಿನ ಎರಡರಷ್ಟು ಉದ್ದದ ಕೋಲು ಮಾಡಿಸಿದೆ. “ಏನ್ ಮೇಷ್ಟ್ರೇ, ಇಟ್ಟು ತೊಳಸಕೋ, ತೆಪ್ಪ ನಡೆಸಕೋ?” ಎಂದ. ಬಿಡಲಿಲ್ಲ ನಾನು, ಅವನಿಗೂ ಪಾಠ ಹೇಳಿದೆ: ಕೆಳಗಿನ ಕೈ ಕೀಲಿದ್ದ ಹಾಗೆ, ಮೇಲಿನ ಕೈ ಬಲ ಹಾಕುತ್ತದೆ, ನಡುವಿನ ಅಂತರ ಹೆಚ್ಚಿದಷ್ಟೂ ಕೆಲಸ ಹಗುರ. ಪೂರ್ತಿ ಕೇಳಿಸಿಕೊಂಡು, “ಅದ್ಸರಿ, ಪಾತ್ರೆ ಯಾರ್ ಇಡ್ಕತಾರೆ?” ಎಂದ. ಓದದವರ ಪ್ರಶ್ನೆ ಎಂದುಕೊಂಡು ಕೋಲು ಹೆಗಲಿಗೇರಿಸಿ ಬಂದೆ.

ಭಾನುವಾರ ಮಧ್ಯಾಹ್ನ ನೀರು ಕುದಿಸಿ, ಹಿಟ್ಟು ಸುರಿದು, ಬೆಂದ ಮೇಲೆ ಗ್ಯಾಸ್ ಒಲೆಯ ಮೇಲೇ ಕೋಲು ಹಾಕಿ ತಿರುವಿದೆ. ಬಲ ನಿಜಕ್ಕೂ ಕಡಿಮೆಯೇ ಸಾಕಾಯಿತು. ಕೋಲಿನ ಜೊತೆ ಹಿಟ್ಟು, ಹಿಟ್ಟಿನ ಜೊತೆ ಪಾತ್ರೆ, ಮೂರೂ ಒಟ್ಟಿಗೆ ಗಿರ್ರನೆ ತಿರುಗಿದವು. ಕೋಲಿನ ತುದಿ ಗೂಡಿನಲ್ಲಿದ್ದ ಖಾರದಪುಡಿ ಡಬ್ಬಿಯನ್ನು ಕೆಡವಿತು. ಇಬ್ಬರೂ ಸೀನಿದೆವು. ಸುನಂದ ಒಲೆ ಆರಿಸಿ, ಪಾತ್ರೆ ನೆಲಕ್ಕಿಳಿಸಲು ಹೇಳಿ, ಮೂಲೆಯಿಂದ ಕವೆಗೋಲು ತಂದಳು. ಅದರ ಎರಡು ಕವಲಿನ ನಡುವೆ ಪಾತ್ರೆ ಸಿಕ್ಕಿಸಿ, ಹಿಡಿಯನ್ನು ಕಾಲಲ್ಲಿ ಒತ್ತಿ ನಿಂತಳು. “ಈಗ ತಿರುವಿ. ತಿರುಗ್ಸೋರು ಒಬ್ರಾದ್ರೆ, ತಿರುಗ್ದಂಗೆ ಇಡ್ಕಳೋರು ಇನ್ನೊಬ್ರು ಬೇಕು ಅಂತ ನಿಮ್ ಪುಸ್ತಕದಾಗೆ ಬರ್ದಿಲ್ವಾ?” ಬರೆದಿದೆ. ಪ್ರತಿ ವರ್ಷ ಅದನ್ನು ಓದಿಸುವವನೂ ನಾನೇ. ಕೋಲು ಹಿಡಿದು ತಿರುವಿದೆ. ಮುದ್ದೆಯ ತುಂಬ ಗಂಟು. ನುಂಗಬೇಕಾದ್ದನ್ನು ಉಪ್ಸಾರಿನ ಜೊತೆ ಅಗಿದು ಅಗಿದು ಉಂಡು, ಚೆನ್ನಾಗಿದೆ ಎಂದು ನಾನೇ ಹೇಳಿಕೊಂಡೆ.

ಅದಾಗಿ ನಾಲ್ಕು ತಿಂಗಳು. ಈಗ ನನ್ನ ಮುದ್ದೆಯಲ್ಲಿ ಒಂದು ಗಂಟು ತೋರಿಸಿ ನೋಡೋಣ! ಮೊನ್ನೆ ಶಾಲೆ ಬೇಗ ಬಿಟ್ಟಿತು. ಮನೆಗೆ ಬಂದರೆ ಹಿತ್ತಲಲ್ಲಿ ಸುನಂದ ಒದ್ದೆ ಜಮಖಾನ ಹಿಂಡುತ್ತಿದ್ದಾಳೆ. ಕೈಯ ಪಟ್ಟಿ ತಂತಿಯ ಮೇಲಿದೆ. ಅವಳು ಕೊಟ್ಟ ಒಂದೊಂದು ತಿರುವಿಗೂ ನೀರು ಧಾರೆಯಾಗಿ ಸುರಿಯುತ್ತಿತ್ತು. ಅಂಥ ತಿರುಗುಬಲ ನಮ್ಮ ಇಡೀ ಶಾಲೆಯಲ್ಲಿ ಯಾರ ಕೈಯಲ್ಲೂ ಇಲ್ಲ. ಕೆಮ್ಮಿದೆ. ಅವಳು ಚೂರೂ ಅಳುಕದೆ, “ಬಂದ್ರಾ? ಮುದ್ದೆಗೆ ನೀರಿಡಿ, ಒಟ್ಟೆ ಅಸೀತಾ ಅದೆ” ಎಂದಳು.

ಕೈ ಯಾವಾಗ ವಾಸಿಯಾಯಿತು ಎಂದು ಕೇಳಬಹುದಿತ್ತು. ಕೇಳಿದರೆ ಕೋಲು ಅವಳ ಕೈಗೆ ಹೋಗುತ್ತದೆ. ಮೇಷ್ಟ್ರ ಕೈಲಿ ಆಗಲಿಲ್ಲವಂತೆ ಎಂದು ಬೀದಿ ಆಡಿಕೊಳ್ಳುತ್ತದೆ. ಆ ಮಾತಿಗೆ ಎಡೆ ಕೊಡುವ ಗಂಡಸು ನಾನಲ್ಲ. ಯಾರಿಗೂ ತಲೆ ಬಗ್ಗಿಸದವನು, ಷರಟಿನ ತೋಳು ಮಡಚಿಕೊಂಡು ಸುಮ್ಮನೆ ಒಳಗೆ ಹೋಗಿ ನೀರಿಟ್ಟೆ.